ಹಾಯಿದೋಣಿ ರೇಸ್‌ಗೆ ಗೋವಾ: ರೈಲಾ, ಕಾರಾ?

ಕೊಪ್ಪಳದಿಂದ ಇಬ್ಬರೇ ಹೊರಟರೆ ಖರ್ಚಿನಲ್ಲಿ ರೈಲೇ ವಾಸಿ. ಗೋವಾದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೇ ಹೋಗುತ್ತದೆ, ಆದರೆ ದಿನಾ ಇಲ್ಲ, ಬೇಸಿಗೆ ರಜೆಯಲ್ಲಿ ಸೀಟು ಸಿಗೋದೂ ಕಷ್ಟ, ಹಾಗಾಗಿ ಟಿಕೆಟ್ ಆದಮೇಲೇ ರೂಮ್ ಬುಕ್ ಮಾಡಿ. ನಾಲ್ಕು ಜನ ಇದ್ದರೆ ಕಾರಿನ ಖರ್ಚು ಹಂಚಿಹೋಗುತ್ತದೆ.

ನನಗೆ ಮುಖ್ಯ ಅನ್ನಿಸೋದು ವಾಪಸ್ ಹೊರಡೋ ಹೊತ್ತು. ಬೇಸಿಗೆಯಲ್ಲಿ ಕಡಲ ಗಾಳಿ ಜೋರಾಗೋದೇ ಮಧ್ಯಾಹ್ನದ ಮೇಲೆ. ನೆಲ ಕಾದು, ಸಮುದ್ರದ ಕಡೆಯಿಂದ ಗಾಳಿ ಎದ್ದು, ಸುಮ್ನೆ ಜೋಲುತ್ತಿದ್ದ ಹಾಯಿ ಪಟ್ಟನೆ ಉಬ್ಬಿ ದೋಣಿ ಒಂದು ಪಕ್ಕಕ್ಕೆ ವಾಲುತ್ತದಲ್ಲ, ಅದನ್ನ ನೋಡೋಕೇ ಹೋಗೋದು ಅಲ್ವಾ? ರೈಲಿನ ಟೈಮಿಗೆ ಮಧ್ಯದಲ್ಲೇ ಎದ್ದು ಬರೋದು ಬೇಜಾರು. ಕಾರಿದ್ದರೆ ಪೂರ್ತಿ ನೋಡಬಹುದು.

ಆದರೆ ಓಡಿಸೋರು ಒಬ್ಬರೇ ಆದರೆ ರಾತ್ರಿ ಘಾಟಿ ಬೇಡ. ಭಾನುವಾರ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡೋಕೆ ಸೋಮವಾರ ರಜೆ ಸಿಗೋದಾದರೆ ಕಾರು, ಇಲ್ಲಾಂದ್ರೆ ರೈಲು. ವಯಸ್ಸಾದವರು ಜೊತೆಗಿದ್ದರೂ ರೈಲೇ.