ಮಸಾರಿ ನಿವೇಶನವೋ, ಎರೆ ನಿವೇಶನವೋ?

ಧಾರವಾಡ, ಗದಗ ಕಡೆ ನಿವೇಶನ ಹುಡುಕುವವರಿಗೆ ಮುಖ್ಯವಾಗಿ ಎದುರಾಗುವುದು ಎರಡು ಮಣ್ಣು: ಕೆಂಪನೆಯ ಮಸಾರಿ, ಕಪ್ಪನೆಯ ಎರೆ. ಮಸಾರಿಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಅಡಿ ಅಗೆದರೆ ಗಟ್ಟಿ ಗರಸು (ಕಲ್ಲುಚೂರು ಬೆರೆತ ಒರಟು ಮಣ್ಣು) ಸಿಗುತ್ತದೆ. ಕಲ್ಲಿನ ಪಾಯ ಸಾಕು. ಹಳೆಯ ಬಾವಿ ಮುಚ್ಚಿದ ಜಾಗವೇ ಎಂದು ಮಾತ್ರ ಅಕ್ಕಪಕ್ಕದವರನ್ನು ಕೇಳಿಕೊಳ್ಳಿ.

ಎರೆಯ ಸ್ವಭಾವವೇ ಬೇರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರೊಂದಿಗೆ ಗೋಡೆಯೂ ಏರಿಳಿದು, ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಬಿಡುತ್ತದೆ. ಪದರ ತೆಳುವಾಗಿದ್ದರೆ ಪೂರ್ತಿ ತೆಗೆದು ಗರಸಿನ ಮೇಲೆಯೇ ಪಾಯ ಹಾಕಬಹುದು. ಆಳವಾಗಿದ್ದರೆ ನೆಲದೊಳಗೆ ಇಳಿಸುವ, ಬುಡ ಅಗಲವಾದ ಕಾಂಕ್ರೀಟ್ ಕಂಬಗಳು, ಅಂದರೆ ಅಂಡರ್-ರೀಮ್ಡ್ ಪೈಲ್‌ಗಳು ಬೇಕು, ಸುಮಾರು 3.5 ಮೀಟರ್ ಇಳಿಸುವುದು ರೂಢಿ. ಅಗ್ಗವೆಂದು ಎರೆ ಕೊಳ್ಳುವವರು ಈ ಖರ್ಚು ಸೇರಿಸಿಯೇ ಚೌಕಾಸಿ ಮಾಡಬೇಕು. ಪರೀಕ್ಷೆಗೆ ಮಣ್ಣನ್ನು ಪಾಯದ ಆಳದಿಂದ ತೆಗೆಸಿ, ಮೇಲಿನಿಂದ ಕೆರೆದು ಕಳಿಸಬೇಡಿ.