ಸೆಕೆಂಡ್ ಹ್ಯಾಂಡ್ ಗೇಮ್ ಕನ್ಸೋಲ್ ಕೊಳ್ಳುವ ಮುಂಚೆ ಇದನ್ನು ಓದಿ

ಹೋದ ದೀಪಾವಳಿಗೆ ಮಗನಿಗೆ ಅಂತ ಒಂದು ಹಳೇ ಗೇಮ್ ಕನ್ಸೋಲ್ ತಂದೆ. ಕೊಟ್ಟಿದ್ದು 16,000 ರೂಪಾಯಿ. ಅಂಗಡಿಯವರು ಟಿವಿಗೆ ಹಾಕಿ ಒಂದು ಆಟ ಓಡಿಸಿ ತೋರಿಸಿದರು. ಮನೆಗೆ ಬಂದು ವೈಫೈ ಕೊಟ್ಟೆ. ಈ ಯಂತ್ರಕ್ಕೆ ಆನ್‌ಲೈನ್ ಸೇವೆ ಬಂದ್ ಅಂತ ಬಂತು. ಹೊಸ ಅಕೌಂಟ್ ಮಾಡಿದೆ, ಫ್ಯಾಕ್ಟರಿ ರೀಸೆಟ್ ಮಾಡಿದೆ. ಊಹೂಂ.

ಮೊಬೈಲ್ ರಿಪೇರಿ ಮಾಡುವ ಗೆಳೆಯನ ಹತ್ತಿರ ಬಿಚ್ಚಿಸಿದೆ. ಸ್ಕ್ರೂಗಳ ತಲೆ ಆಗಲೇ ಸವೆದಿತ್ತು. ಬೋರ್ಡಿನ ಮೂಲೆಯಲ್ಲಿ ಉಗುರಿನಷ್ಟು ಅಗಲದ ಒಂದು ಚಿಪ್, ಅದರಿಂದ ಹೊರಟ ಕೂದಲೆಳೆಯಂಥ ನಾಲ್ಕು ತಂತಿ, ಮೇಲೊಂದು ಹಳದಿ ಟೇಪು. "ಮಾಡ್‌ಚಿಪ್ ಕಣೋ. ಕಂಪನಿಯ ಬೀಗ ದಾಟಿ ನಕಲಿ ಆಟ ಓಡಿಸೋ ಚಿಪ್ಪು. ಹಿಂದಿನವರು ಹಾಕ್ಸಿದ್ದಾರೆ, ಕಂಪನಿಗೆ ಸಿಕ್ಕಿಬಿದ್ದಿದೆ" ಅಂದ.

ಕಸ್ಟಮರ್ ಕೇರ್‌ಗೆ ಮೂರು ಸಲ ಬರೆದೆ. ಮಾಲೀಕರು ಯಾರಾದರೂ ಸರಿ, ಬ್ಯಾನ್ ತೆಗೆಯುವುದಿಲ್ಲ ಅಂದರು. ಅಂಗಡಿಯವರದ್ದು, "ಆಟ ಓಡ್ತಿದೆಯಲ್ಲ ಸಾರ್".

ಇದು ಹೊಸದಲ್ಲ. 2009ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್, ಹೀಗೆ ಮಾಡ್ ಮಾಡಿದ (ಅಂದರೆ ಒಳಗೆ ಬದಲಾಯಿಸಿದ) ತನ್ನ ಎಕ್ಸ್‌ಬಾಕ್ಸ್ 360 ಕನ್ಸೋಲ್‌ಗಳನ್ನು ಒಟ್ಟಿಗೇ ಬ್ಯಾನ್ ಮಾಡಿತು. 10 ಲಕ್ಷದವರೆಗೆ ಇರಬಹುದು ಅಂತ ಆಗ ವರದಿಯಾಯಿತು. ಬ್ಯಾನ್ ಬಿದ್ದದ್ದು ಯಂತ್ರಕ್ಕೆ. ಹಾಗಾಗಿ ಎಷ್ಟೋ ಜನ ಅವನ್ನು ಸೆಕೆಂಡ್ ಹ್ಯಾಂಡ್ ಮಾರಲು ಹೊರಟರು. 2025ರಲ್ಲಿ ನಿಂಟೆಂಡೊ ಕಂಪನಿಯ ಸ್ವಿಚ್ 2 ಕನ್ಸೋಲ್ ಬಂದ ಕೆಲವೇ ವಾರಗಳಲ್ಲಿ, ಆಟಗಳ ನಕಲು ಓಡಿಸುವ ಕಾರ್ಟ್ರಿಡ್ಜ್ ಹಾಕಿದ್ದ ಯಂತ್ರಗಳಿಗೆ ಕಂಪನಿ ಆನ್‌ಲೈನ್ ಬಾಗಿಲು ಮುಚ್ಚಿತು.

ಕದ್ದ ಆಟ ಆಡುವವರನ್ನು ತಡೆಯಲಿ, ಬೇಡ ಅನ್ನಲ್ಲ. ಆದರೆ ಮಾಡ್ ಮಾಡುವವರೆಲ್ಲ ಕಳ್ಳರಲ್ಲ, ಅಲ್ವಾ? ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ (ವಿಂಡೋಸ್ ಥರದ ಕಂಪ್ಯೂಟರ್ ವ್ಯವಸ್ಥೆ) ಹಾಕಿಕೊಳ್ಳಬಹುದು ಅಂತ ಸೋನಿಯೇ ಅವಕಾಶ ಕೊಟ್ಟಿತ್ತು. ಜಾರ್ಜ್ ಹಾಟ್ಜ್ ಎಂಬ ಹುಡುಗ ಅದರ ಭದ್ರತೆಯಲ್ಲಿ ಬಿರುಕು ಕಂಡುಹಿಡಿದ ಮೇಲೆ, 2010ರ ಏಪ್ರಿಲ್ 1ರಂದು ಅಪ್‌ಡೇಟ್ ಕೊಟ್ಟು ಎಲ್ಲರಿಂದಲೂ ಆ ಸೌಲಭ್ಯ ಕಿತ್ತುಕೊಂಡಿತು. ಅಪ್‌ಡೇಟ್ ಬೇಡ ಅಂದವರಿಗೆ ಆನ್‌ಲೈನ್ ಆಟ ಇಲ್ಲ. ದುಡ್ಡು ಕೊಟ್ಟು ಕೊಂಡ ವಸ್ತುವಿನಿಂದ ಒಂದು ಭಾಗವನ್ನು ಆಮೇಲೆ ತೆಗೆದುಕೊಂಡು ಹೋಗುವುದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. 2011ರಲ್ಲಿ ಹಾಟ್ಜ್ ಮೇಲೆ ಕೇಸೂ ಹಾಕಿದರು. ರಾಜಿಯಾಯಿತು ಅಂತ ಏಪ್ರಿಲ್‌ನಲ್ಲಿ ಪ್ರಕಟಿಸಿದರು.

ಯಂತ್ರದ ಮೇಲಿನ ಸ್ಟಿಕ್ಕರ್ ಹರಿದರೆ ವಾರಂಟಿ ಹೋಯಿತು ಅನ್ನುತ್ತಾರಲ್ಲ, ಅಮೆರಿಕದಲ್ಲಿ 2018ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಇಂಥ ವಾರಂಟಿ ಷರತ್ತುಗಳ ಬಗ್ಗೆ ಈ ಮೂರೂ ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಸುಮ್ನೆ ಬಿಚ್ಚಿ ಧೂಳು ಒರೆಸುವುದೂ ತಪ್ಪಾದರೆ ಹೇಗೆ?

ನೀವು ಕೊಳ್ಳುವುದಾದರೆ ಅಂಗಡಿಯಲ್ಲೇ ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಕನೆಕ್ಟ್ ಮಾಡಿ. ಕಂಪನಿಯ ಸ್ಟೋರ್ ತೆರೆದು ಒಂದು ಉಚಿತ ಆಟ ಇಳಿಸಿ, ಆನ್‌ಲೈನ್‌ನಲ್ಲಿ ಆಡಿ ನೋಡಿ. ಬರೀ ಆಟ ಓಡಿದರೆ ಸಾಲದು. ಸ್ಕ್ರೂ ತಲೆಗಳನ್ನು ಟಾರ್ಚ್ ಹಾಕಿ ನೋಡಿ. ಇವತ್ತು ಸರಿ ಇದ್ದದ್ದು ನಾಳೆ ಬ್ಯಾನ್ ಆಗಬಹುದು. ಹಾಗಾಗಿ ಒಂದು ತಿಂಗಳೊಳಗೆ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಬರೆಸಿಕೊಳ್ಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲೇಬೇಕು. ನನ್ನ ಬಿಲ್ಲಿನಲ್ಲಿ "ಗೇಮ್ ಬಾಕ್ಸ್, 1" ಅಂತಷ್ಟೇ ಇತ್ತು.