ಯೀಸ್ಟ್ ಬಾಟಲಿಗೆ ಸ್ವಿಚ್ ಇಲ್ಲ: ಒಂದೇ ರಾತ್ರಿಗೆ ನನ್ನ ಒಂಬತ್ತು ಮೀನು ಹೋದವು

ಅಕ್ವೇರಿಯಂ ಗಿಡಗಳಿಗೆ ಸಕ್ಕರೆ-ಯೀಸ್ಟ್ ಬಾಟಲಿಯಿಂದ ಕಾರ್ಬನ್ ಡೈಆಕ್ಸೈಡ್ ಕೊಡೋಣ ಅಂತ ಹೊರಟಿದ್ದೀರಾ? ಅದರಲ್ಲೂ ಬೇಸಿಗೆಯಲ್ಲಿ? ಹಾಗಿದ್ದರೆ ಇದನ್ನೊಮ್ಮೆ ಓದಿಬಿಡಿ. ನನ್ನ ಹದಿನಾಲ್ಕು ನಿಯಾನ್ ಟೆಟ್ರಾ ಮೀನುಗಳಲ್ಲಿ ಉಳಿದದ್ದು ಐದು. ರೋಗ ಬಂದು ಹೋಗಲಿಲ್ಲ, ನಾನೇ ಕೈಯಾರೆ ಕೊಂದೆ.

ಮೈಸೂರಿನ ಮನೆಯಲ್ಲಿ ಎರಡಡಿ ಟ್ಯಾಂಕ್. ಮಣ್ಣು, ಕಲ್ಲು ಕಳೆದರೆ ಸುಮಾರು 50 ಲೀಟರ್ ನೀರು. ಕೆಂಪು ರೋಟಾಲಾ ತಂದು ನೆಟ್ಟಿದ್ದೆ. ಈ ರೋಟಾಲಾ ಮ್ಯಾಕ್ರಾಂಡ್ರಾ ನಮ್ಮ ಪಶ್ಚಿಮ ಘಟ್ಟದ್ದೇ ಗಿಡ, ಆದರೆ ಟ್ಯಾಂಕಿಗೆ ಬಂದರೆ ಮಾತ್ರ ಭಾರಿ ಜಂಬ. ಎರಡು ವಾರಕ್ಕೆ ಎಲೆ ಚಿಕ್ಕದಾಗಿ, ಕೆಳಗಿನ ಕಾಂಡ ಬೋಳಾಯಿತು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ರೆಗ್ಯುಲೇಟರ್ ಅಂದರೆ ಸಾವಿರಗಟ್ಟಲೆ ಖರ್ಚು. ಯೀಸ್ಟ್ ತಿಂದು ಈ ಗ್ಯಾಸ್ ಬಿಡಲು ಬೇಕಾದ ಸಕ್ಕರೆ ಹೇಗೂ ಅಡುಗೆಮನೆಯಲ್ಲೇ ಇತ್ತಲ್ವಾ?

ಎರಡು ಲೀಟರಿನ ಕೋಲಾ ಬಾಟಲಿ, 200 ಗ್ರಾಂ ಸಕ್ಕರೆ, ಕಾಲು ಚಮಚ ಯೀಸ್ಟ್, ಉಗುರುಬೆಚ್ಚಗಿನ ನೀರು. ಮುಚ್ಚಳಕ್ಕೆ ತೂತು ಹೊಡೆದು ಪೈಪ್, ಪೈಪಿನ ತುದಿಗೆ ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ನೀರಿಗೆ ಬಿಡುವ ಡಿಫ್ಯೂಸರ್. ಫೆಬ್ರವರಿಯಲ್ಲಿ ಚೆನ್ನಾಗೇ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಎಲೆಗಳ ಮೇಲೆ ಆಮ್ಲಜನಕದ ಸಣ್ಣ ಸಣ್ಣ ಗುಳ್ಳೆ ಮುತ್ತಿನ ಹಾಗೆ ಕೂತಿರುತ್ತಿದ್ದವು. ಅದನ್ನು ನೋಡಿದ ಮೇಲೆ ದುರಾಸೆ ಶುರುವಾಯಿತು.

ಏಪ್ರಿಲ್‌ನಲ್ಲಿ ಹಳೇ ಬಾಟಲಿ ಇನ್ನೂ ಗುಳ್ಳೆ ಬಿಡುತ್ತಿರುವಾಗಲೇ ಪಕ್ಕಕ್ಕೆ ಇನ್ನೊಂದು ಕಟ್ಟಿದೆ. ಯೀಸ್ಟ್ ಒಂದು ಚಮಚ ಹಾಕಿದೆ, ನೀರನ್ನು ಕತ್ತಿನವರೆಗೆ ತುಂಬಿಸಿದೆ. ಅವತ್ತೇ ಊರಿಂದ ಅತ್ತೆ-ಮಾವ ಬಂದಿದ್ದರು, ಹಾಲ್‌ನಲ್ಲಿ ಮಲಗಿದ್ದರು. ಫಿಲ್ಟರ್ ಸದ್ದಿಗೆ ನಿದ್ದೆ ಬರಲ್ಲ ಅಂತ ಅದನ್ನೂ ಆಫ್ ಮಾಡಿದೆ.

ಬೆಳಗ್ಗೆ ಐದೂವರೆಗೆ ಮಾವನವರ ದನಿ. "ಅಳಿಯಂದ್ರೇ, ನಿಮ್ಮ ಮೀನಿಗೆ ಹಸಿವು ಅಂತ ಕಾಣುತ್ತೆ. ಎಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ."

ಎದ್ದು ಬಂದು ಲೈಟ್ ಹಾಕಿದೆ. ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು. ಡಿಫ್ಯೂಸರ್ ಬಾಯಿಂದ ಬಿಳಿ ಲೋಳೆ ಇಳಿಯುತ್ತಿತ್ತು, ಮೇಲಿನ ಗಾಜು ಸರಿಸಿದರೆ ಹುಳಿ ಹೆಂಡದ ವಾಸನೆ. ಕೆಲವು ನಿಯಾನ್ ಆಗಲೇ ಮಗ್ಗುಲಾಗಿದ್ದವು. ಉಳಿದವು ಮೂತಿಯನ್ನು ನೀರಿನಿಂದ ಆಚೆ ಚಾಚಿ ಚಾಚಿ ಉಸಿರು ಎಳೆಯುತ್ತಿದ್ದವು. ಮೈಮೇಲಿನ ನೀಲಿ ಗೆರೆ ಪೂರ್ತಿ ಮಂಕು. ಪೈಪ್ ಕಿತ್ತೆಸೆದೆ, ಫಿಲ್ಟರ್ ಹಾಕಿದೆ, ಏರ್ ಪಂಪ್ ಹುಡುಕಿ ತಂದೆ. ಅದು ಸಿಗುವವರೆಗೆ ನನ್ನ ಹೆಂಡತಿ ಚೊಂಬಿನಲ್ಲಿ ಟ್ಯಾಂಕಿನ ನೀರನ್ನೇ ಮೊಗೆದು ಮೇಲಿಂದ ಸುರಿಯುತ್ತಾ ನಿಂತಿದ್ದಳು. ಐದು ಮೀನು ನಿಧಾನಕ್ಕೆ ನೆಟ್ಟಗಾದವು. ರೋಟಾಲಾಗೆ ಮಾತ್ರ ಏನೂ ಆಗಿರಲಿಲ್ಲ.

ತಪ್ಪು ಎಲ್ಲಿ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಗಿಡದ ಟ್ಯಾಂಕಿಗೆ ಸಾಮಾನ್ಯವಾಗಿ ಹೇಳುವ ಗುರಿ ಲೀಟರಿಗೆ ಹೆಚ್ಚೆಂದರೆ 30 ಮಿಲಿಗ್ರಾಂ ಕಾರ್ಬನ್ ಡೈಆಕ್ಸೈಡ್. ಅಂದರೆ 50 ಲೀಟರಿಗೆ ಬರೀ ಒಂದೂವರೆ ಗ್ರಾಂ. 200 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಹುಟ್ಟುವುದು ಹತ್ತಿರ ಹತ್ತಿರ 100 ಗ್ರಾಂ! ಅಷ್ಟೂ ಒಂದೇ ದಿನ ಬರುವುದಿಲ್ಲ, ನೀರಿನಲ್ಲಿ ಕರಗುವುದೂ ಸ್ವಲ್ಪವೇ. ಆದರೆ ಸೆಖೆ ಏರಿದಷ್ಟೂ ಯೀಸ್ಟ್ ಚುರುಕಾಗುತ್ತದೆ. ರಾತ್ರಿ ಗಿಡ ಈ ಗ್ಯಾಸ್ ಹೀರುವುದಿಲ್ಲ, ತಾನೇ ಆಮ್ಲಜನಕ ಎಳೆದುಕೊಂಡು ಇದನ್ನು ಬಿಡುತ್ತದೆ. ಸಿಲಿಂಡರಾದರೆ ಲೈಟ್ ಜೊತೆಗೇ ಗ್ಯಾಸ್ ನಿಲ್ಲಿಸಬಹುದು. ಯೀಸ್ಟಿಗೆ ಹಗಲು ರಾತ್ರಿ ಎಲ್ಲಾ ಒಂದೇ. ಫಿಲ್ಟರ್ ನಿಂತಿದ್ದಕ್ಕೆ ನೀರಿನ ಮೇಲ್ಭಾಗ ಅಲುಗಾಡಲಿಲ್ಲ, ಗ್ಯಾಸ್ ಆಚೆ ಹೋಗಲಿಲ್ಲ. ಇದರ ಮೇಲೆ ಕತ್ತಿನವರೆಗೆ ತುಂಬಿದ ಬಾಟಲಿಯ ನೊರೆ ಪೈಪಿನಲ್ಲಿ ಹತ್ತಿ ಟ್ಯಾಂಕಿಗೆ ಇಳಿದಿತ್ತು. ಆ ಸಕ್ಕರೆ ನೀರಿಗೆ ಬ್ಯಾಕ್ಟೀರಿಯಾ ಹೆಚ್ಚಿ, ಇದ್ದಬದ್ದ ಆಮ್ಲಜನಕವನ್ನೂ ತಿಂದವು.

"ಆಮ್ಲಜನಕ ಇದ್ದರೆ ಸಾಕು, ಮೀನಿಗೆ ಏನೂ ಆಗಲ್ಲ" ಅನ್ನುವವರಿದ್ದಾರೆ. ನಂಬಬೇಡಿ. ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಅತಿಯಾದರೆ ಮೀನು ತನ್ನ ರಕ್ತದಲ್ಲಿರುವುದನ್ನು ಕಿವಿರಿನಿಂದ ಹೊರಹಾಕಲು ಕಷ್ಟಪಡುತ್ತದೆ.

ಇಷ್ಟಾದ ಮೇಲೂ ಮಾಡಲೇಬೇಕು ಅನ್ನುವವರು ಬಾಟಲಿಯ ಮೇಲ್ಗಡೆ ಒಂದು ಗೇಣು ಖಾಲಿ ಬಿಡಿ. ಬಾಟಲಿಗೂ ಟ್ಯಾಂಕಿಗೂ ನಡುವೆ, ಪೈಪಿನ ದಾರಿಯಲ್ಲಿ ನೀರು ಹಾಕಿದ ಇನ್ನೊಂದು ಸಣ್ಣ ಬಾಟಲಿ ಇಡಿ, ನೊರೆ ಉಕ್ಕಿದರೂ ಅಲ್ಲೇ ನಿಲ್ಲುತ್ತದೆ. ನಾನು ಮಾಡದೆ ಬಿಟ್ಟಿದ್ದು ಈ ಹತ್ತು ರೂಪಾಯಿ ಕೆಲಸವನ್ನೇ. ರಾತ್ರಿ ಡಿಫ್ಯೂಸರ್ ಅನ್ನು ನೀರಿನಿಂದ ಆಚೆ ಎತ್ತಿಡಿ, ಏರ್ ಪಂಪ್ ಹಾಕಿ. ಪೈಪಿಗೆ ಕ್ಲಿಪ್ ಹಾಕಿ ಮಾತ್ರ ಮುಚ್ಚಬೇಡಿ, ಬಾಟಲಿ ಸಿಡಿಯುತ್ತದೆ. ಡಿಫ್ಯೂಸರ್ ಕಟ್ಟಿಕೊಂಡರೂ ಅದೇ ಗತಿ, ಹಾಗಾಗಿ ದಿನಾ ಬಾಟಲಿ ಹಿಸುಕಿ ನೋಡಿ. ಗಾಜಿನ ಬಾಟಲಿ ಬೇಡವೇ ಬೇಡ. ನೀರಿನಲ್ಲಿ ಗ್ಯಾಸ್ ಎಷ್ಟಿದೆ ಅಂತ ಬಣ್ಣ ಬದಲಿಸಿ ತೋರಿಸುವ ಡ್ರಾಪ್ ಚೆಕರ್ ಹಸಿರಿದ್ದರೆ ಸರಿ, ಹಳದಿ ಅಂದರೆ ಗ್ಯಾಸ್ ಜಾಸ್ತಿ. ಆದರೆ ಅದು ಒಂದೆರಡು ಗಂಟೆ ತಡವಾಗಿ ಹೇಳುತ್ತದೆ. ಮೀನು ಬಾಯಿ ಬಿಡುತ್ತಿದ್ದರೆ ಬಣ್ಣ ನೋಡುತ್ತಾ ಕೂರಬೇಡಿ.

ರೋಟಾಲಾವನ್ನು ಗೆಳೆಯನಿಗೆ ಕೊಟ್ಟೆ. ಈಗ ಜಾವಾ ಫರ್ನ್, ಅನುಬಿಯಾಸ್ ಇವೆ, ಅವಕ್ಕೆ ಸುಮ್ನೆ ಲೈಟ್ ಇದ್ದರೆ ಸಾಕು. ನಿಯಾನ್ ಗುಂಪಿನಲ್ಲಿ ಬದುಕುವ ಮೀನು, ಐದೇ ಇದ್ದರೆ ಮೂಲೆ ಹಿಡಿದು ಕೂರುತ್ತವೆ. ಇನ್ನೊಂದಿಷ್ಟು ತರಬೇಕು. ಇನ್ನೂ ತಂದಿಲ್ಲ.